ಪುಟ್ಟಿ, ಮೊನ್ನೆ ರೇಗಿದ್ದು ಯಾಕೆ ಅಂದರೆ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟಾಗಿನಿಂದ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅವಳದ್ದು ಸರಿ. ಒಬ್ಬಳೇ ಹೆಣ್ಣುಮಗಳು ಓದಲು ಜರ್ಮನಿಗೆ ಯಾಕೆ ಹೋಗಬೇಕು ಅಂದೆನಲ್ಲ, ಅದು ನಿಜವಾದ ಕಾರಣ ಅಲ್ಲ.

ಸೋಮವಾರ ತೀರ್ಥಹಳ್ಳಿಗೆ ಹೋಗಿ ಬ್ಯಾಂಕಿನಲ್ಲಿ ಕೇಳಿದ್ದೆ. ಅಲ್ಲಿನ ಒಂದು ವರ್ಷದ ಖರ್ಚಿಗೆ ಮೊದಲೇ ಕಟ್ಟಿಡಬೇಕಾದ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ, ವೀಸಾ, ಟಿಕೆಟ್ಟು ಎಲ್ಲ ಸೇರಿಸಿ ಲೆಕ್ಕ ಹೇಳಿದೆ. ಅಷ್ಟು ಸಾಲಕ್ಕೆ ತೋಟ ಅಡಮಾನ ನಡೆಯಲ್ಲ, ಮನೆಗೆ ಪಂಚಾಯಿತಿ ಕೊಡುವ ಇ-ಸ್ವತ್ತು ಪತ್ರ ತನ್ನಿ ಅಂದರು. ಮನೆ ಇನ್ನೂ ನಿನ್ನ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ಹೋಗಿ ಒಂಬತ್ತು ವರ್ಷ. ಕೊಯ್ಲು ಮುಗಿಯಲಿ, ಆಮೇಲೆ ಖಾತೆ ಮಾಡಿಸೋಣ ಅಂತ ಪ್ರತಿ ವರ್ಷ ಮುಂದೂಡಿದೆ. ಇದನ್ನು ನಿನ್ನ ಹತ್ತಿರ ಹೇಳಲು ನಾಚಿಕೆಯಾಯಿತು. ಅದಕ್ಕೇ ರೇಗಿದೆ.

ಹೆದರಿಕೆಯೂ ಇದೆ. 2020ರ ಮಳೆಗಾಲ. ಆನ್‌ಲೈನ್ ಕ್ಲಾಸಿಗೆ ನೀನು ಸಿಗ್ನಲ್ ಹುಡುಕಿ ಗುಡ್ಡದ ಬಂಡೆಗೆ ಹೋಗುತ್ತಿದ್ದ ಕಾಲ. ಆ ದಿನ ನಾನು ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಸಲು ಮಳೆ ಹೊಳವಾಗಲಿ ಅಂತ ಕಾಯುತ್ತಿದ್ದೆ. ತಲೆಯಲ್ಲಿ ಕೊಳೆ ರೋಗ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮ ಕೂಗಿದ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಓಡಿದೆ. ಹಳ್ಳ ತುಂಬಿ, ದಾಟಲು ಹಾಕಿದ್ದ ಸಂಕದ ಮರ ಜಾರಿತ್ತು. ಆಚೆ ದಡದಲ್ಲಿ ನೀನು, ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದೆ. ನಾನು ಕೂಗಿದ್ದು ನಿನಗೆ ಕೇಳಲಿಲ್ಲ, ನೀನು ಕೂಗಿದ್ದು ನನಗೆ ಕೇಳಲಿಲ್ಲ. ಮುಕ್ಕಾಲು ಗಂಟೆ ಹಾಗೇ. ನೀನು ಕೈ ಬೀಸಿ ಬೀಸಿ ನನಗೆ ಹಿಂದೆ ಸರಿ ಅಂದೆ. ನನ್ನ ಕಾಲಡಿಯ ದರೆ ಕುಸಿಯುತ್ತಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಈಗಲೂ ನಿದ್ದೆ ಬಾರದಿದ್ದರೆ ಆ ನೀರಿನ ಸದ್ದು ಕೇಳುತ್ತದೆ. ನಿನ್ನ ಆ ಕೈ ಕಾಣುತ್ತದೆ. ಜರ್ಮನಿಯಲ್ಲಿ ಏನಾದರೂ ಆದರೆ ನಾನು ಯಾವ ದಡಕ್ಕೆ ಓಡಲಿ ಹೇಳು?

ಯುನಿವರ್ಸಿಟಿಗೆ ಬರೆದ ನಿನ್ನ ಮೋಟಿವೇಶನ್ ಲೆಟರನ್ನು ಪಕ್ಕದ ಮನೆ ಹುಡುಗನಿಂದ ಓದಿಸಿ ಕೇಳಿದೆ. ಚಿಕ್ಕಂದಿನಿಂದ ಗಿಡ ಅಂದರೆ ಇಷ್ಟ ಅಂತ ಶುರು ಮಾಡಿದ್ದೀಯ. ಎಲ್ಲರೂ ಹಾಗೇ ಬರೆಯುತ್ತಾರೆ ಅಲ್ವಾ? ಎಲೆಚುಕ್ಕಿ ರೋಗ ಬಂದಾಗ ನಮ್ಮ ತೋಟದ ಸೋಗೆ ಕೊಯ್ದು ಕಾಲೇಜಿನ ಲ್ಯಾಬಿಗೆ ಒಯ್ದಿದ್ದೆಯಲ್ಲ, ಅದನ್ನು ಬರಿ. ನೀನು ಹೇಳಿದ ಹಾಗೆ ರೋಗದ ಸೋಗೆ ತೆಗೆದು ಸುಟ್ಟಿದ್ದಕ್ಕೇ ಕೆಳಗಿನ ತೋಟ ಉಳಿಯಿತು. ಊರಲ್ಲಿ ಎಲ್ಲರ ಹತ್ತಿರ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಓದಿನ ದಾಖಲೆ ಅಸಲಿ ಅಂತ ತೋರಿಸಲು ವೀಸಾಕ್ಕೆ ಬೇಕಾದ ಎಪಿಎಸ್ ಸರ್ಟಿಫಿಕೇಟಿಗೆ ಈಗಲೇ ಅರ್ಜಿ ಹಾಕು, ನನ್ನ ಹಾಗೆ ಮುಂದೂಡಬೇಡ. ಅಲ್ಲಿ ಹೋದ ಮೇಲೆ ಆ ಅಕೌಂಟಿನಿಂದ ತಿಂಗಳಿಗೆ ಸಿಗುವುದು 992 ಯೂರೋ. ಬಾಡಿಗೆ ಮೊದಲು ಎತ್ತಿಡು. ವರ್ಷಕ್ಕೆ 140 ದಿನ ಕೆಲಸ ಮಾಡಬಹುದು ಅಂತ ಅಷ್ಟೂ ದಿನ ಮಾಡಲು ಹೋಗಬೇಡ, ಓದು ಹಾಳಾಗುತ್ತದೆ. ಊಟ ಬಿಡಬೇಡ. ಚಳಿಗೆ ಒಳ್ಳೆಯ ಬೂಟು ತಗೋ, ಅದರಲ್ಲಿ ದುಡ್ಡು ಉಳಿಸಬೇಡ. ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತೆ, ಜಾಸ್ತಿಯಾಯಿತು.

ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡೂ ತೆಗೆದಿಟ್ಟಿದ್ದೇನೆ. ನಾಳೆ ಪಂಚಾಯಿತಿಗೆ ಹೋಗುತ್ತೇನೆ. ದೊಡ್ಡತ್ತೆ ಸಹಿ ಹಾಕುತ್ತೇನೆ ಅಂದಳು. ಭಾನುವಾರ ಹೊಸನಗರಕ್ಕೆ ಹೋಗಿ ಚಿಕ್ಕತ್ತೆಯನ್ನೂ ಕೇಳುತ್ತೇನೆ.

ಅಮ್ಮನಿಗೆ ಒಂದು ಫೋನ್ ಮಾಡು. ನನ್ನ ಹತ್ತಿರ ಈಗಲೇ ಮಾತಾಡಬೇಕು ಅಂತಿಲ್ಲ.

ನಿನ್ನ ಅಪ್ಪಯ್ಯ