ಒಡಿಕತ್ತಿಗೆ ಗ್ರೈಂಡರ್ ಹಿಡಿದವರು ಯಾರು?

ಮಾನ್ಯ ಸಂಪಾದಕರೇ,

ಸೋಮವಾರದ ಜಿಲ್ಲಾ ಪುಟದಲ್ಲಿ ಹಳೆ ಆಯುಧಗಳಿಗೆ ಹೊಸ ಹೊಳಪು ಬಂದಿದೆ ಅನ್ನುವ ನಿಮ್ಮ ವರದಿ ಓದಿ ಮೈಯೆಲ್ಲ ಉರಿದು ಹೋಯಿತು. ಫೋಟೋದಲ್ಲಿ ಕನ್ನಡಿ ಥರ ಮಿಂಚುತ್ತಿರುವ ಆ ಒಡಿಕತ್ತಿ, ಅಂದರೆ ಕೊಡವರ ಅಗಲ ಅಲಗಿನ ಬಾಗಿದ ಕತ್ತಿ, ನಮ್ಮ ಕುಲದ ಹಿರಿಮನೆಯಾದ ಐನ್‌ಮನೆಯದು. ನಿಮ್ಮ ವರದಿಗಾರರು ಅದನ್ನು ಮೆಚ್ಚಿ ಬರೆದಿದ್ದಾರೆ. ಅವರು ಅದನ್ನು ಈ ಹಿಂದೆ ನೋಡಿದವರಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಕೆಲಸ ಮಾಡಿಸಿದ ಪ್ರದರ್ಶನದ ಕಚೇರಿಯವರ ಮೇಲೆ.

ಪ್ರದರ್ಶನಕ್ಕೆ ಅಂತ ಮನೆಮನೆಗೆ ಬಂದು ಆಯುಧ ಕೇಳಿದವರು ಅವರೇ. ಜೋಪಾನವಾಗಿ ಇಟ್ಟು, ಆಯುಧ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ಮೊದಲೇ ತಂದು ಕೊಡುತ್ತೇವೆ ಅಂದರು. ನಾವು ಕಾಫಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟೆವು. ಹಬ್ಬ ಬಂತು, ಕತ್ತಿ ಬರಲಿಲ್ಲ. ದೀಪವಿಡುವ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಇಟ್ಟು ತೋಕ್ ಪೂ (ಕೋವಿ ಹೂ) ಕಟ್ಟಿ ಪೂಜೆ ಮುಗಿಸಿದೆವು. ಒಡಿಕತ್ತಿ ಇಲ್ಲದ ಕೈಲ್ ಮುಹೂರ್ತ ನಮ್ಮ ಮನೆಯಲ್ಲಿ ಹಿಂದೆ ನಡೆದದ್ದೇ ಇಲ್ಲ. ಮನೆಯ ಹಿರಿಯರಿಗೆ ಏನು ಉತ್ತರ ಹೇಳುವುದು?

ಆಮೇಲೆ ಶುರುವಾಯಿತು ಅಲೆದಾಟ. ತೋಟದ ಕೆಲಸ ಬಿಟ್ಟು, ಮಳೆಯಲ್ಲಿ ನೆನೆದು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಇನ್ನೊಂದು ದಿನ ಹೋದರೆ ಬೀಗದ ಕೈ ಇರುವವರು ರಜೆ. ಮತ್ತೆ ಹೋದರೆ ಆಧಾರ್ ಜೆರಾಕ್ಸ್ ತನ್ನಿ ಅಂದರು, ಕೊಟ್ಟ ಮೇಲೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ದಾಖಲೆ ಕೇಳಿದರು. ಕತ್ತಿ ತೆಗೆದುಕೊಂಡು ಹೋಗುವಾಗ ಯಾವ ದಾಖಲೆಯೂ ಬೇಕಿರಲಿಲ್ಲ, ಅಲ್ವಾ? ನನಗೆ ಮಂಡಿ ನೋವು. ಆ ಕಚೇರಿ ಇರುವುದು ಮಹಡಿ ಮೇಲೆ, ಕೂರುವುದಕ್ಕೆ ಒಂದು ಬೆಂಚೂ ಇಲ್ಲ.

ಕೊನೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ತೆಗೆದು ನೋಡಿದರೆ ಗುರುತೇ ಸಿಗಲಿಲ್ಲ. ಅಲಗಿನ ಉದ್ದಕ್ಕೂ ಗ್ರೈಂಡರ್ ಚಕ್ರ ಓಡಿದ ಗೀರು. ಹಿಡಿಯ ಹತ್ತಿರ ಕಮ್ಮಾರ ಹೊಡೆದ ಪುಟ್ಟ ಮುದ್ರೆ ಇತ್ತು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಈಗ ಅಲ್ಲಿ ಬರೀ ನುಣ್ಣಗಿದೆ. ಅಲಗಿನ ಬಾಯಲ್ಲಿ ಎರಡು ಕಡೆ ನೀಲಿ ಕಲೆ. ಹಿಡಿ ಅಲ್ಲಾಡುತ್ತಿದೆ, ಒಳಗಿನ ಅರಗು ಕಾದು ಬಿಟ್ಟಿದೆ. ಬೆನ್ನ ಹಿಂದೆ ಕತ್ತಿ ಸಿಕ್ಕಿಸುವ ಹಿತ್ತಾಳೆ ತೋಡಂಗ್‌ನ ಕೆತ್ತನೆಯ ಸಂದಿಯಲ್ಲೆಲ್ಲ ಪಾಲಿಶ್‌ನ ಬಿಳಿ ಪುಡಿ ಹಾಗೇ ಕೂತಿದೆ. ಸಾಲದ್ದಕ್ಕೆ ಅಲಗಿಗೆ ವಾರ್ನಿಷ್ ಬೇರೆ ಬಳಿದಿದ್ದಾರೆ!

ಹಳೆ ಕತ್ತಿಗಳನ್ನು ಕೂಡಿಟ್ಟು, ಕೆಟ್ಟದ್ದನ್ನು ಸರಿ ಮಾಡುವುದು ನಾನು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ. ಇದನ್ನು ಓದುವವರಾದರೂ ತಿಳಿದುಕೊಳ್ಳಲಿ ಅಂತ ಹೇಳುತ್ತೇನೆ. ತುಕ್ಕಿನಲ್ಲಿ ಎರಡು ಬಗೆ. ಕೆಂಪಗೆ ಪುಡಿಯಾಗಿ ಉದುರುವ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ತೆಗೆಯಲೇಬೇಕು. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ಗಟ್ಟಿಯಾಗಿ ಕೂತ ಪದರ ಕಬ್ಬಿಣವನ್ನು ಕಾಯುತ್ತದೆ. ಅದನ್ನು ಮುಟ್ಟಬಾರದು, ಕತ್ತಿಯ ವಯಸ್ಸು ಅದರಲ್ಲೇ ಇರುವುದು. ಕೆಂಪು ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ತುಂಬಾ ನಯವಾದ ಸ್ಟೀಲ್ ವೂಲ್‌ನಿಂದ ಕೈಯಲ್ಲೇ ಮೆಲ್ಲಗೆ ಉಜ್ಜಿದರೆ ಸಾಕು. ಆಮೇಲೆ ಒರೆಸಿ ಕೋವಿ ಎಣ್ಣೆ ಹಚ್ಚಬೇಕು. ಕೊಡಗಿನ ಯಾವ ಮನೆಯಲ್ಲಿ ಕೋವಿ ಎಣ್ಣೆ ಇಲ್ಲ ಹೇಳಿ? ಪೀಚೆಕತ್ತಿಯನ್ನು ಮಳೆಗಾಲದಲ್ಲಿ ಒರೆಯಿಂದ ಹೊರಗೆ ತೆಗೆದು ಇಡಬೇಕು, ಒರೆಯ ಮರ ಥಂಡಿ ಹೀರಿ ಅಲಗಿಗೆ ಕೊಡುತ್ತದೆ. ಇದಿಷ್ಟು ನಮ್ಮ ಅಜ್ಜಿಗೂ ಗೊತ್ತಿತ್ತು.

ಗ್ರೈಂಡರ್ ವಿಷಯವೇ ಬೇರೆ. ಕಮ್ಮಾರ ಅಲಗಿನ ಬಾಯಿಯನ್ನು ಕಾಯಿಸಿ ತಣಿಸಿ ಗಟ್ಟಿಯಾಗುವ ಹಾಗೆ ಹದ ಕೊಟ್ಟಿರುತ್ತಾನೆ. ಚಕ್ರ ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೆ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದು ನೀಲಿ ತಿರುಗುತ್ತದೆ. ನೀಲಿ ಬಂತು ಅಂದರೆ ಅಲ್ಲಿ ಹದ ಹೋಯಿತು ಅಂತಲೇ ಲೆಕ್ಕ. ಮತ್ತೆ ಹದ ಕೊಡಬೇಕಾದರೆ ಇಡೀ ಅಲಗನ್ನು ಬೆಂಕಿಗೆ ಹಾಕಬೇಕು. ಹಾಗೆ ಮಾಡಿದರೆ ಉಳಿಯುವುದು ಹಳೆ ಕತ್ತಿಯೇ ಅಲ್ಲ.

ನನ್ನ ಸೋದರಳಿಯ ಹಡಗಿನ ಕೆಲಸದಲ್ಲಿದ್ದಾನೆ. ಅವನ ಜೊತೆಗಾರರಲ್ಲಿ ಫಿಲಿಪೀನ್ಸಿನವರು ಜಾಸ್ತಿ. ಅವರಲ್ಲೊಬ್ಬರು ಆ ದೇಶದ ದಕ್ಷಿಣದ ಮಿಂಡನಾವೊ, ಸುಲು ದ್ವೀಪಗಳ ಕಡೆಯ ಹಳೆ ಕ್ರಿಸ್, ಬರೋಂಗ್ ಅನ್ನುವ ಕತ್ತಿಗಳನ್ನು ಕೂಡಿಡುತ್ತಾರಂತೆ, ಫೋಟೋ ಕಳಿಸಿದ್ದ. ಬರೋಂಗ್ ನೋಡಿದರೆ ಎಲೆಯ ಆಕಾರ, ಬೆನ್ನು ದಪ್ಪ, ನಮ್ಮ ಒಡಿಕತ್ತಿಯ ಹಾಗೇ ಕಡಿಯುವುದಕ್ಕೆ ಮಾಡಿದ್ದು. ಅವರು ಅದನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡುವುದಿಲ್ಲ. ತುಕ್ಕು ತೆಗೆದ ಮೇಲೆ ವಿನೆಗರ್ ಹಚ್ಚಿ ಕಬ್ಬಿಣದ ಪದರಗಳು ಎದ್ದು ಕಾಣುವ ಹಾಗೆ ಮಾಡುತ್ತಾರೆ. ಕ್ರಿಸ್‌ನ ಅಲಗನ್ನು ಹಿಡಿಗೆ ಬಿಗಿಯುವ ಪುಟ್ಟ ಲೋಹದ ಪಟ್ಟಿ ಮುರಿದಿದ್ದರೆ ಹಾಗೇ ಬಿಡುತ್ತಾರೆ, ಹೊಸದನ್ನು ಮಾಡಿಸಿ ಅಂಟಿಸುವುದಿಲ್ಲ. ಅಮೆರಿಕದವರು ಆಳುತ್ತಿದ್ದಾಗ ಅವರ ಸೈನಿಕರು ಆ ಕತ್ತಿಗಳನ್ನು ರಾಶಿರಾಶಿ ತಮ್ಮ ದೇಶಕ್ಕೆ ಹೊತ್ತುಕೊಂಡು ಹೋದರು. ಹಾಗಾಗಿ ಉಳಿದದ್ದರ ಬೆಲೆ ಅವರಿಗೆ ಗೊತ್ತು. ನಮ್ಮದು ನಮ್ಮ ಮನೆಯಲ್ಲೇ ಇತ್ತು, ನಮ್ಮ ಊರಿನ ಕಚೇರಿಯೇ ಅದನ್ನು ಹಾಳು ಮಾಡಿತು.

ಇದು ಇವತ್ತಿನ ಕಥೆ ಮಾತ್ರ ಅಲ್ಲ. ನಮ್ಮ ಪೀಚೆಕತ್ತಿಗೆ ದಂತದ ಹಿಡಿ ಇದೆ. ದಂತಕ್ಕೆ ಮಾಲೀಕತ್ವದ ಪ್ರಮಾಣಪತ್ರ ಬೇಕು ಅನ್ನುವುದು ಕಾನೂನು, ಒಪ್ಪಿಕೊಳ್ಳುತ್ತೇನೆ. ಆ ಕಾಗದ ನಮ್ಮಲ್ಲಿದೆ. ಆದರೂ ಹೊಸ ಅಧಿಕಾರಿ ಬಂದಾಗಲೆಲ್ಲ ಮತ್ತೆ ತೋರಿಸಿ ಅನ್ನುತ್ತಾರೆ. ಚುನಾವಣೆ ಬಂದರೆ ಕೋವಿ ತಂದು ಠಾಣೆಯಲ್ಲಿಡಿ ಅನ್ನುವ ಮಾತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ನಮಗೆ ಕೊಟ್ಟ ವಿನಾಯಿತಿ, ಕೇಂದ್ರ ಸರ್ಕಾರವೇ 2029ರವರೆಗೆ ಮುಂದುವರಿಸಿದೆ. ಆದರೆ ಅದರ ಕಾಗದಕ್ಕೆ ಕಚೇರಿಗೆ ಹೋದರೆ ಗುಮಾಸ್ತರು ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ನೆಂಟರ ಮನೆಯ ಆಯುಧಗಳು ಕೆಸರಿನಲ್ಲಿ ಹೂತುಹೋದವು. ಆವಾಗ ಒಬ್ಬರಾದರೂ ಬಂದು ಇವುಗಳನ್ನು ಹೇಗೆ ಉಳಿಸಿಕೊಳ್ಳುವುದು ಅಂತ ಹೇಳಲಿಲ್ಲ. ನಾವೇ ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಉಳಿಸಿಕೊಂಡೆವು. ಮಡಿಕೇರಿ ಕೋಟೆಯ ಅರಮನೆಯನ್ನೇ ದಶಕಗಟ್ಟಲೆ ಕಚೇರಿ ಮಾಡಿಕೊಂಡು ಸೋರುವುದಕ್ಕೆ ಬಿಟ್ಟವರಿಗೆ ಒಂದು ಕತ್ತಿಯ ಬೆಲೆ ಎಲ್ಲಿಂದ ಗೊತ್ತಾಗಬೇಕು?

ನೂರು ವರ್ಷ ದಾಟಿದ ಇಂಥ ವಸ್ತುವನ್ನು ಪುರಾತನ ವಸ್ತು ಅನ್ನುತ್ತದೆ 1972ರ ಕಾಯ್ದೆ. ನಾವು ಅದನ್ನು ಹೊರದೇಶಕ್ಕೆ ಕಳಿಸಿದರೆ ಜೈಲು. ಇವರು ವೆಲ್ಡಿಂಗ್ ಅಂಗಡಿಗೆ ಕಳಿಸಿದರೆ ಸನ್ಮಾನವೇ? ಕೇಳಿದರೆ ಆ ಅಧಿಕಾರಿ, ‘ತುಕ್ಕು ಹಿಡಿದದ್ದನ್ನು ನಾವು ಖರ್ಚು ಹಾಕಿ ಕ್ಲೀನ್ ಮಾಡಿಸಿ ಕೊಟ್ಟಿದ್ದೀವಲ್ಲ’ ಅಂದರು. ಬಾಡಿಗೆಗೆ ತಂದ ಪಾತ್ರೆಯನ್ನು ತೊಳೆದು ಕೊಟ್ಟ ಹಾಗಿತ್ತು ಅವರ ಮಾತು.

ಅವರು ನಮ್ಮ ಮನೆಗೆ ಬಂದು ಹಿರಿಯರ ಮುಂದೆ ನಿಂತು ಕ್ಷಮೆ ಕೇಳಬೇಕು. ಈ ಪ್ರದರ್ಶನವನ್ನೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕತ್ತಿ, ಕೋವಿ ಗೊತ್ತಿರುವವರ ಕೈಗಾದರೂ ಅದನ್ನು ಕೊಡಬೇಕು. ಬೇರೆ ಮನೆಗಳ ಆಯುಧಗಳು ಇನ್ನೂ ಅಲ್ಲೇ ಇವೆ, ಅವುಗಳನ್ನಾದರೂ ಮುಟ್ಟದೆ ಇವತ್ತೇ ವಾಪಸ್ ಕೊಡಲಿ. ಜಿಲ್ಲೆಯ ದೊಡ್ಡ ಅಧಿಕಾರಿಗಳು ಏನಾದರೂ ಒಂದು ಕ್ರಮ ಕೈಗೊಳ್ಳಲಿ. ನಮ್ಮ ಅಲಗಿನ ಮುದ್ರೆಯನ್ನು ಇನ್ನು ಯಾರಿಂದಲೂ ತಂದುಕೊಡಲು ಆಗುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವ ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ ಕೇಳುವುದಕ್ಕೆ ಇವರಿಗೆ ಏನು ಕಷ್ಟವಾಗಿತ್ತು? ನಾಚಿಕೆಯಾಗಬೇಕು.

– ನೊಂದ ಓದುಗ, ವಿರಾಜಪೇಟೆ ತಾಲ್ಲೂಕು