ಮೈಲುತುತ್ತಿನ ಲೆಕ್ಕ

ಮಾನ್ಯ ಸಂಪಾದಕರೇ,

ಆಟಿಯ ಮಳೆ ಒಂದು ದಿನ ಬಿಡುವು ಕೊಟ್ಟಾಗ ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಸಲದ ಮದ್ದು ಬಿಡಿಸಿದೆವು. ಡ್ರಮ್ ತೊಳೆಯುತ್ತಾ ಸುಮ್ನೆ ಒಂದು ಲೆಕ್ಕ ಹಾಕಿದೆ.

ಈ ಮದ್ದು ಅಂದರೆ ಬೋರ್ಡೋ ದ್ರಾವಣ. ಅದಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಇದು ಎಲ್ಲರಿಗೂ ಬಾಯಿಪಾಠ. ಆ ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ನಮ್ಮ ಒಂದು ಎಕರೆಗೆ ಸಲಕ್ಕೆ 200 ಲೀಟರಿನ ಮೂರು ಡ್ರಮ್ ಬೇಕು. ಎರಡು ಸಲಕ್ಕೆ 12 ಕಿಲೋ ಮೈಲುತುತ್ತು, ಅಂದರೆ 3 ಕಿಲೋ ತಾಮ್ರ. ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ಎಂಬ ಮಿತಿ ಇದೆ. ಎಕರೆಗೆ ವರ್ಷಕ್ಕೆ ಒಂದೂವರೆ ಕಿಲೋ ಚಿಲ್ಲರೆ. ನಮ್ಮದು ಹತ್ತಿರ ಹತ್ತಿರ ಅದರ ಎರಡರಷ್ಟು!

ಮದ್ದೇ ಬೇಡ ಎನ್ನುತ್ತಿಲ್ಲ. ಮಹಾಳಿ, ಅಂದರೆ ಕೊಳೆರೋಗ, ಬಂದ ವರ್ಷ ಉದುರಿದ ಎಳೆ ಅಡಿಕೆ ಹೆಕ್ಕಿದವರಿಗೆ ಆ ಸಂಕಟ ಗೊತ್ತು. ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವ ಕಾಲ ಹೋಗಿದೆ. ಮೈಸೂರಿನಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿದ ದಾರಿಯನ್ನೇ ಇಂದಿಗೂ ಹಿಡಿದಿದ್ದೇವೆ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಗೊನೆಯಿಂದ ಇಳಿದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ. ರೋಗದ ಜೀವಿ ಯಾವುದು, ಬುಡದಲ್ಲಿ ಸೊಪ್ಪು ಕೊಳೆಸುವ ಒಳ್ಳೆಯ ಬೂಷ್ಟು ಯಾವುದು ಎಂದು ಅದಕ್ಕೇನು ಗೊತ್ತು? ಜಾಸ್ತಿಯಾದರೆ ಸೊಪ್ಪು ಕೊಳೆಯುವುದೇ ನಿಧಾನವಾಗುತ್ತದೆ. ಎರೆಹುಳ ಕಡಿಮೆಯಾಗುತ್ತದೆ. ತಾಮ್ರ ತಡೆದುಕೊಳ್ಳುವ ಸೂಕ್ಷ್ಮಜೀವಿಗಳದ್ದೇ ಕಾರುಬಾರು. ನಮ್ಮ ಮುರಕಲ್ಲು ಮಣ್ಣು ಹುಳಿ ಬೇರೆ, ಹುಳಿ ಮಣ್ಣಿನಲ್ಲಿ ತಾಮ್ರದ ಕಾಟ ಇನ್ನೂ ಜಾಸ್ತಿ.

ಹಟ್ಟಿಗೊಬ್ಬರಕ್ಕೆ ಟ್ರೈಕೊಡರ್ಮಾ ಎಂಬ ಒಳ್ಳೆಯ ಬೂಷ್ಟು ಬೆರೆಸಿ ಬುಡಕ್ಕೆ ಹಾಕಿ, ಮರುವಾರ ಅದರ ಮೇಲೆಯೇ ಉಳಿದ ಮದ್ದು ಸುರಿದವರಿದ್ದಾರೆ. ಬೇರೆ ಯಾರೂ ಅಲ್ಲ, ನಾನೇ. ದುಡ್ಡು ಕೊಟ್ಟು ತಂದು ಕೈಯಾರೆ ಕೊಂದ ಹಾಗಾಯಿತು, ಅಲ್ವಾ?

ಕಳೆದ ವರ್ಷ ಮಣ್ಣು ಪರೀಕ್ಷೆ ಮಾಡಿಸಿದೆ. ಕಾರ್ಡಿನಲ್ಲಿ ತಾಮ್ರದ ಎದುರು 'ಸಾಕಷ್ಟಿದೆ' ಎಂದಷ್ಟೇ ಇತ್ತು. ಅದೂ ಮಲಯಾಳದಲ್ಲಿ, ಪಕ್ಕದ ಮನೆಯ ಹುಡುಗ ಓದಿ ಹೇಳಬೇಕಾಯಿತು. ಸಾಕಷ್ಟು ಅಂದರೆ ಎಷ್ಟು? ಕಡಿಮೆಯಾದರೆ ಹೇಳುವ ಕಾರ್ಡು ಮಿತಿ ಮೀರಿದರೂ ಹೇಳಬೇಕು. ನಮಗೆ ಓದಲು ಬರುವ ಕನ್ನಡದಲ್ಲಿ ಹೇಳಬೇಕು. ಮಣ್ಣಿನಲ್ಲಿ ಜೀವ ಎಷ್ಟಿದೆ ಎಂಬುದಕ್ಕೂ ಒಂದು ಕಾಲಂ ಇದ್ದರೆ ಇನ್ನೂ ಒಳ್ಳೆಯದು.

ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವುದು ನಮ್ಮ ಕಾಸರಗೋಡಿನಲ್ಲೇ. ಅಡಿಕೆಯೂ ಅವರ ಬೆಳೆ. ಅಜ್ಜನ ಕಾಲದಿಂದ ಮದ್ದು ಬಿಟ್ಟ ತೋಟದ ಮಣ್ಣನ್ನೂ, ಪಕ್ಕದ ಗುಡ್ಡೆಯ ಮಣ್ಣನ್ನೂ ಒಟ್ಟಿಗೆ ಪರೀಕ್ಷಿಸಿ ಊರವರಿಗೆ ತಿಳಿಸಲಿ. ನಮ್ಮ ತೋಟದ ಮಣ್ಣು ಕೊಡಲು ನಾನು ತಯಾರು. ಮಳೆ ನಿಂತ ಮೇಲೆ ಬಂದರೆ ಅನುಕೂಲ, ಈಗ ತೋಟದ ದಾರಿ ವಿಪರೀತ ಜಾರುತ್ತದೆ.

— ಓರ್ವ ಅಡಿಕೆ ಕೃಷಿಕ, ಪೆರ್ಲ, ಕಾಸರಗೋಡು