‘ಒಂದೇ ಗಂಟೆ’ ಅಂದವರು ಯಾರು?

ಮಾನ್ಯ ಸಂಪಾದಕರೇ,

ಬೆಂಗಳೂರು–ಮಂಗಳೂರು ವಿಮಾನದ ಬಗ್ಗೆ ಶನಿವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ದೇವನಹಳ್ಳಿಯಿಂದ ಬಜ್ಪೆಗೆ ಆಕಾಶದಲ್ಲಿ 300 ಕಿ.ಮೀ. ಚಿಲ್ಲರೆ, ಪ್ರಯಾಣ ಒಂದೇ ಗಂಟೆಯಂತೆ. ಓದಿದ್ದು ವಿಮಾನದೊಳಗೆ ಕೂತೇ. ಆ ವಿಮಾನ ಮಂಗಳೂರಿನ ಮೇಲೆ ಸುತ್ತು ಹೊಡೆದು, ಮಳೆ ಮೋಡ ಅಂತ ವಾಪಸ್ ಬೆಂಗಳೂರಿಗೇ ಬಂದು ನಿಂತಿತ್ತು.

ಗುಡ್ಡದ ಮೇಲಿನ ರನ್‌ವೇ. ಕಣ್ಣಿಗೆ ಕಾಣದಿದ್ದರೆ ಇಳಿಸಬಾರದು, ಒಪ್ಪಿದೆ. ಪೈಲಟ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಮೇಲೆ ಏನು ಅಂತ ಹೇಳುವವರು ಒಬ್ಬರಾದರೂ ಬೇಡವೇ? ಕೇಳಿದಾಗಲೆಲ್ಲ ‘ಇನ್ನು ಅರ್ಧ ಗಂಟೆ ಸರ್’. ಸಕ್ಕರೆ ಕಾಯಿಲೆಯ ನನ್ನ ಹೆಂಡತಿಗೆ ತಿನ್ನಲು ಏನಾದರೂ ಕೊಡಿ ಅಂದರೆ ಗೋಡಂಬಿ ಡಬ್ಬಿ ತೋರಿಸಿದರು. ಅದಕ್ಕೂ ದುಡ್ಡು! ಬೆಳಗಿನ ಜಾವ ಜಯನಗರದ ಮಗಳ ಮನೆ ಬಿಟ್ಟವರು ಕಾವೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಒಂದು ಚೀಲ ಇನ್ನೂ ಬಂದಿಲ್ಲ. ಅದಕ್ಕೆ ಎಷ್ಟು ಗಂಟೆ ಅಂತ ನಿಮ್ಮ ವರದಿಗಾರರೇ ಹೇಳಲಿ.

ಮಳೆ ಇಲ್ಲದ ದಿನವಾದರೂ ಒಂದು ಗಂಟೆಯಾ? ಜಯನಗರದಿಂದ ದೇವನಹಳ್ಳಿ ಸುಮಾರು 40 ಕಿ.ಮೀ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಕಥೆ ಮುಗಿಯಿತು. ಮೇಲಿಂದ ‘ಎರಡು ಗಂಟೆ ಮೊದಲೇ ಬನ್ನಿ’ ಎಂಬ ಅಪ್ಪಣೆ. ಹಾರುವುದು ಮುಕ್ಕಾಲು ಗಂಟೆ, ಅದಕ್ಕೆ ಅರ್ಧ ದಿನದ ಸಿದ್ಧತೆ. 2008ರಲ್ಲಿ ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ವಿಮಾನಗಳನ್ನು ಎತ್ತಿ ದೇವನಹಳ್ಳಿಗೆ ಹಾಕಿದರಲ್ಲ, ಆಗ ಜನ ಅಲ್ಲಿಗೆ ಹೋಗುವುದು ಹೇಗೆ ಅಂತ ಯಾರೂ ಯೋಚಿಸಲಿಲ್ಲವೇ? ಮೆಟ್ರೊ ಬರುತ್ತೆ, ಬರುತ್ತೆ ಅಂತ ಕೇಳಿ ಕೇಳಿ ನಮ್ಮ ಕೂದಲು ಬೆಳ್ಳಗಾಯಿತು.

ನಮ್ಮ ಕಡೆಯವರೇನು ಕಡಿಮೆಯಾ ಮಾರಾಯ್ರೆ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಬಜ್ಪೆಗೆ ಹೋಗಲು ಎಲ್ಲೆಲ್ಲೋ ಸುತ್ತಬೇಕಾಯಿತು. ಅಧಿಕಾರಿಗಳು ಬಂದರು, ನೋಡಿದರು, ಫೋಟೊ ತೆಗೆಸಿಕೊಂಡರು. ವಿಮಾನ ಬೇಡ, ಬಸ್ಸಿನಲ್ಲಿ ಹೋಗೋಣ ಅಂದರೆ ಶಿರಾಡಿ. ಮಳೆಗಾಲ ಬಂತೆಂದರೆ ಅಲ್ಲಿ ಗುಡ್ಡ ಜಾರುತ್ತದೆ. ಸುರಂಗ ಮಾಡುತ್ತೇವೆ ಅಂತ ಹೇಳದ ಮಂತ್ರಿ ಇಲ್ಲ. ರೈಲೂ ಅಷ್ಟೇ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಮಣ್ಣು ಬಿದ್ದರೆ ಅದೂ ಬಂದ್. ನಾವು ಮನೆಯಲ್ಲೇ ಸುಮ್ನೆ ಕೂತಿರಬೇಕು ಅಂತ ಇವರ ಆಸೆ ಇರಬೇಕು.

ಇನ್ನು ಮುಂದೆ ವಿಮಾನದ ಸಮಯ ಬರೆಯುವಾಗ ಮನೆಯಿಂದ ಮನೆಗೆ ಎಷ್ಟು ಅಂತ ಬರೆಸಿ. ತಡವಾದರೆ ಪ್ರಯಾಣಿಕರಿಗೆ ಊಟ ಕೊಡಿಸಿ. ಅಥವಾ ಆ ಸುರಂಗವನ್ನಾದರೂ ಮಾಡಿ. ಏನಾದರೂ ಒಂದು ಮಾಡಿ. ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರು ಅಂತ ನಿಮಗೇನಾದರೂ ಗೊತ್ತಾದರೆ ದಯವಿಟ್ಟು ಅದನ್ನೂ ಪ್ರಕಟಿಸಿ.

– ನೊಂದ ಪ್ರಯಾಣಿಕ, ಕಾವೂರು, ಮಂಗಳೂರು